ಹದಿನೈದನೇ ಮೆಟ್ಟಿಲು

ಜಯಪುರದ ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ರಾಧಮ್ಮನ ಮನೆ. ಅರ್ಧ ಮನೆ, ಇನ್ನರ್ಧ ಊಟದ ಮನೆ. ಬೋರ್ಡು ಹಾಕಿಲ್ಲ. ಮಧ್ಯಾಹ್ನ ಹನ್ನೆರಡೂವರೆ ಆದರೆ ಹನ್ನೆರಡು ಜನ ಬಂದು ಜಗಲಿಯ ಬೆಂಚಿನ ಮೇಲೆ ಕೂತು ಉಂಡು ಹೋಗುತ್ತಾರೆ. ಬಸ್ಸಿನ ಡ್ರೈವರು ಕಂಡಕ್ಟರುಗಳು, ಬ್ಯಾಂಕಿನವರು ಇಬ್ಬರು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಸೋಮಶೇಖರಪ್ಪ ಮೇಷ್ಟ್ರು. ಅಡುಗೆ ಮಾಡುವುದು ರಾಧಮ್ಮ ಮತ್ತು ಸೊಸೆ ನಯನ. ರುಬ್ಬುವುದು, ಕಾಯಿ ತುರಿಯುವುದು, ಪಾತ್ರೆ ತೊಳೆಯುವುದು ಹೆಚ್ಚಾಗಿ ಸೊಸೆಯ ಪಾಲು. ರುಚಿ ನೋಡಿ ಉಪ್ಪು ಹಾಕುವುದು ಅತ್ತೆಯ ಪಾಲು.

ಎರಡು ಸಾವಿರದ ನಾಲ್ಕನೇ ಇಸವಿ, ಗಣಪತಿ ಹಬ್ಬ ಕಳೆದ ಮೇಲೆ, ಮಗ ಧರ್ಮೇಶ ಒಂದು ಹಳೇ ವಿಡಿಯೋ ಗೇಮ್ ತಂದ. ಅವನು ಶೃಂಗೇರಿಯಿಂದ ಕೊಪ್ಪದ ಮೇಲೆ ನರಸಿಂಹರಾಜಪುರಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರು. ಕೊಪ್ಪದಲ್ಲಿ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದ ಅಂಗಡಿಯೊಂದು ಮುಚ್ಚುವಾಗ, ಯಾರಿಗೂ ಬೇಡವಾದ ಇದನ್ನು ಅವನ ಕೈಗೆ ಕೊಟ್ಟಿದ್ದರು. ಬೂದು ಬಣ್ಣದ ಪೆಟ್ಟಿಗೆ, ಗುಂಡಿಗಳಿರುವ ಒಂದು ರಿಮೋಟು, ಒಂದೇ ಒಂದು ಹಳದಿ ಕ್ಯಾಸೆಟ್ಟು.

"ಗುಂಡು ಹೊಡೆಯೋ ಆಟ ಇಲ್ವಾ ಅಪ್ಪಾ?" ಏಳನೇ ಕ್ಲಾಸಿನ ಮಗಳು ರಮ್ಯ ಮುಖ ಸಣ್ಣ ಮಾಡಿದಳು.

"ಇದು ಒಂದೇ ಇದ್ದದ್ದು. ಹಾಕಿ ನೋಡು ಮಾರಾಯ್ತಿ."

ಹಾಕಿ ನೋಡಿದರೆ ಟಿವಿಯಲ್ಲಿ ಕಂಡದ್ದು 'ಹದಿನೈದು ಮೆಟ್ಟಿಲು.' ಭಾನುವಾರ ಸಂಜೆ ಬರುತ್ತಿದ್ದ ಪ್ರಶ್ನೋತ್ತರದ ಕಾರ್ಯಕ್ರಮ ಅದು. ರಾಧಮ್ಮ ಅದಕ್ಕಾಗಿ ಐದೂವರೆಗೇ ದೇವರ ದೀಪ ಹಚ್ಚಿ ಮುಗಿಸಿ ಟಿವಿ ಮುಂದೆ ಕೂರುತ್ತಿದ್ದಳು. ಕ್ಯಾಸೆಟ್ಟಿನಲ್ಲಿದ್ದದ್ದು ಅದೇ ಕಾರ್ಯಕ್ರಮದ ಹೊರದೇಶದ ಅವತಾರ. ಪ್ರಶ್ನೆಯೆಲ್ಲ ಇಂಗ್ಲಿಷಿನಲ್ಲಿ. ನಡೆಸುವವನ ಬದಲು ಟೈ ಕಟ್ಟಿದ ಚೌಕ ಮುಖದ ಒಂದು ಬೊಂಬೆ. ಆದರೆ ಅದೇ ಮೆಟ್ಟಿಲು, ಅದೇ ಎ ಬಿ ಸಿ ಡಿ ನಾಲ್ಕು ಉತ್ತರ, ಅದೇ ಎದೆ ಬಡಿಸುವ ಸಂಗೀತ.

"ಅಯ್ಯೋ, ಇದು ನಮ್ಮದೇ ಅಲ್ವೇನೇ!" ಎಂದು ರಾಧಮ್ಮ ಕೈಯೊರೆಸಿಕೊಂಡು ಬಂದು ಕೂತಳು. ಅವಳು ನಲವತ್ತೆಂಟನೇ ವಯಸ್ಸಿನಲ್ಲಿ ರಾತ್ರಿ ಶಾಲೆಗೆ ಹೋಗಿ ಕನ್ನಡ ಓದಲು ಕಲಿತವಳು. ಇಂಗ್ಲಿಷಿನಲ್ಲಿ ಗೊತ್ತಿದ್ದದ್ದು ಈ ಕಾರ್ಯಕ್ರಮದಿಂದ ಕಲಿತ ಆ ನಾಲ್ಕೇ ಅಕ್ಷರ.

ಮೊದಲ ವಾರ ಎಲ್ಲರೂ ಆಡಿದರು. ಧರ್ಮೇಶ ಆರನೇ ಮೆಟ್ಟಿಲಿಗೆ ಬಿದ್ದ. ರಮ್ಯ ನಾಲ್ಕಕ್ಕೆ. ಮನೆಯ ಯಜಮಾನ ವಾಸಪ್ಪ, ಕರೆಂಟಿನ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತಿಯಾದವನು, ಎಡಗಿವಿ ಮಂದ. ಅವನು ಎಲ್ಲದಕ್ಕೂ ಬಿ ಒತ್ತಿ ಮೂರಕ್ಕೆ ಬಿದ್ದ. ಒಂಬತ್ತು ದಾಟಿದವರಿಲ್ಲ. ಆಮೇಲೆ ಪೆಟ್ಟಿಗೆಯ ಮೇಲೆ ಧೂಳು ಕೂತಿತು.

ಆ ಧೂಳು ಒರೆಸಿದವಳು ನಯನ. ಮಧ್ಯಾಹ್ನ ಎರಡೂವರೆಗೆ ಪಾತ್ರೆ ತೊಳೆದಾದ ಮೇಲೆ, ಅತ್ತೆ ಅಡ್ಡಾದ ಹೊತ್ತಿನಲ್ಲಿ, ಟಿವಿಯ ಸದ್ದು ಕಡಿಮೆ ಮಾಡಿ ಆಡುತ್ತಿದ್ದಳು. ಪಕ್ಕದಲ್ಲಿ ರಮ್ಯಳ ನಿಘಂಟು. ಅವಳು ಹದಿನಾಲ್ಕು ವರ್ಷದ ಹಿಂದೆ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲಿ ಆರು ಅಂಕಕ್ಕೆ ಫೇಲಾಗಿದ್ದಳು. ಫೇಲಾದ ವರ್ಷವೇ ಮದುವೆ. ಈಗ ಪ್ರಶ್ನೆಯಲ್ಲಿ ಗೊತ್ತಿಲ್ಲದ ಪದ ಬಂದರೆ ಸ್ಟಾರ್ಟ್ ಗುಂಡಿ ಒತ್ತಿ ಆಟ ನಿಲ್ಲಿಸುವಳು, ನಿಘಂಟು ನೋಡುವಳು, ಮತ್ತೆ ಒತ್ತುವಳು. ಹತ್ತನೇ ಮೆಟ್ಟಿಲು ದಾಟಿದ ದಿನ ಅವಳಿಗೇ ನಂಬಿಕೆ ಬರಲಿಲ್ಲ.

ಒಂದು ಶುಕ್ರವಾರ ರಾತ್ರಿಯೂಟಕ್ಕೆ ಕೂತಾಗ ಅವಳು ವಿಷಯ ತೆಗೆದಳು.

"ನಮ್ಮ ಅಂಗನವಾಡಿ ಟೀಚರ್ ಬರೋ ಜೂನಿಗೆ ನಿವೃತ್ತಿ ಅಂತೆ. ಎಸ್ಸೆಸ್ಸೆಲ್ಸಿ ಪಾಸಾದೋರನ್ನ ತಗೊಳ್ತಾರಂತೆ. ನಾನು ಇಂಗ್ಲಿಷ್ ಕಟ್ಟಬೇಕು ಅಂತಿದೀನಿ."

"ಕಟ್ಟು," ಎಂದ ಧರ್ಮೇಶ, ರೊಟ್ಟಿ ಮುರಿಯುತ್ತ. ಅಮ್ಮನ ಮುಖ ನೋಡಿದ ಮೇಲೆ, "ನೋಡುವ," ಎಂದು ತಿದ್ದಿಕೊಂಡ.

"ಕೊಪ್ಪದಲ್ಲಿ ಒಬ್ಬರು ಪಾಠ ಹೇಳ್ತಾರೆ. ಜನವರಿಯಿಂದ, ಹತ್ತರಿಂದ ಒಂದರ ತನಕ."

ರಾಧಮ್ಮ ಸಾರಿನ ಸೌಟು ಪಾತ್ರೆಗೆ ಇಳಿಬಿಟ್ಟಳು. "ಹತ್ತರಿಂದ ಒಂದರ ತನಕ ಅಂದ್ರೆ ಹನ್ನೆರಡು ಜನಕ್ಕೆ ರುಬ್ಬೋದು ಯಾರು?"

"ನಾನು ಬೆಳಿಗ್ಗೆ ಐದಕ್ಕೇ ಎದ್ದು ರುಬ್ಬಿಟ್ಟು ಹೋಗ್ತೀನಿ ಅತ್ತೆ."

"ಐದಕ್ಕೆ ರುಬ್ಬಿದ ಮಸಾಲೆ ಹನ್ನೆರಡೂವರೆಗೆ ಎಂತ ಆಗಿರ್ತದೆ? ಸೋಮಶೇಖರಪ್ಪ ಮೇಷ್ಟ್ರು ಮೂಸಿ ನೋಡಿಯೇ ಎದ್ದು ಹೋಗ್ತಾರೆ."

"ಎರಡು ತಿಂಗಳಿಗೆ ಅಷ್ಟೇ."

"ಎರಡು ತಿಂಗಳು! ಕೈಯಲ್ಲಿ ಆಗದೇ ಇದ್ದಿದ್ದು ಹದಿನಾಲ್ಕು ವರ್ಷ ಬಿಟ್ಟು ಆಗ್ತದಾ? ಮೂವತ್ತರ ಮೇಲೆ ಆಗಿರೋ ಹೆಂಗಸು ಮಕ್ಕಳ ಸಾಲಲ್ಲಿ ಕೂತು ಪರೀಕ್ಷೆ ಬರೆಯೋದು."

ನಯನ ತಟ್ಟೆ ಬಿಟ್ಟು ಎದ್ದಳು. "ನಲವತ್ತೆಂಟರಲ್ಲಿ ಸ್ಲೇಟು ಹಿಡಿದೋರು ಹೇಳೋ ಮಾತಾ ಇದು?"

ಮಾತು ಅಲ್ಲಿಗೇ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಮರುದಿನ ಮಧ್ಯಾಹ್ನ ಬಡಿಸುವಾಗ, ಹನ್ನೆರಡು ಜನ ಉಣ್ಣುತ್ತಿದ್ದಾಗಲೇ, ಅದು ಮತ್ತೆ ಎದ್ದಿತು. ಸಾರಿಗೆ ಹುಳಿ ಕಡಿಮೆ ಎಂದು ರಾಧಮ್ಮ ಅಂದದ್ದು, ಮನಸ್ಸೆಲ್ಲ ಪೆಟ್ಟಿಗೆ ಮುಂದೆ ಇದ್ದರೆ ಹುಳಿ ಎಲ್ಲಿಂದ ಬಂತು ಎಂದು ಸೇರಿಸಿದ್ದು, ಆ ಪೆಟ್ಟಿಗೆಯಲ್ಲಿ ಹನ್ನೆರಡನೇ ಮೆಟ್ಟಿಲು ಹತ್ತಿದ್ದೀನಿ ಎಂದು ನಯನ ತಿರುಗಿ ಹೇಳಿದ್ದು.

"ಹನ್ನೆರಡಲ್ಲ," ಎಂದಳು ರಾಧಮ್ಮ. ಕೈಯಲ್ಲಿ ಅನ್ನದ ಬೋಗುಣಿ. "ಹದಿನೈದನೇ ಮೆಟ್ಟಿಲು ಹತ್ತು. ಹತ್ತಿದ ದಿನ ನೀನು ಪರೀಕ್ಷೆ ಕಟ್ಟು. ಈ ಹನ್ನೆರಡು ಜನಕ್ಕೂ ನಾನೊಬ್ಬಳೇ ಬೇಯಿಸಿ ಹಾಕ್ತೀನಿ. ಹತ್ತದೇ ಇದ್ರೆ ಈ ಮಾತು ಇನ್ನೊಂದು ಸಲ ಎತ್ತಬಾರದು."

ಜಗಲಿಯಲ್ಲಿ ಉಣ್ಣುತ್ತಿದ್ದವರೆಲ್ಲ ತಲೆಯೆತ್ತಿದರು.

"ರಾಧಮ್ಮ ಹೇಳಿದ್ರೆ ಮುಗೀತು," ಎಂದ ಒಬ್ಬ ಡ್ರೈವರು.

ಅದು ಊರಿಗೇ ಗೊತ್ತಿದ್ದ ಸಂಗತಿ. ರಾಧಮ್ಮನ ಬಾಯಲ್ಲಿ ಸುಳ್ಳು ಬರುವುದಿಲ್ಲ. ಒಂದು ಸಲ ಭಜನಾ ಮಂಡಳಿಯವರು ಬಂದಾಗ ವಾಸಪ್ಪ ಬಚ್ಚಲಿನಲ್ಲಿ ಅಡಗಿ, ಮನೆಯಲ್ಲಿಲ್ಲ ಅನ್ನು ಎಂದು ಹೇಳಿ ಕಳಿಸಿದ್ದ. ರಾಧಮ್ಮ ಬಾಗಿಲಿಗೆ ಹೋಗಿ, "ಬಚ್ಚಲಲ್ಲಿ ಇದಾರೆ, ನಿಮ್ಮ ಕಣ್ಣಿಗೆ ಬೀಳಬಾರದು ಅಂತ," ಎಂದುಬಿಟ್ಟಿದ್ದಳು. ವಾಸಪ್ಪ ಆ ವರ್ಷವಿಡೀ ತಾಳ ಬಡಿಯಬೇಕಾಯಿತು.

ಅಂದಿನಿಂದ ಅತ್ತೆ ಸೊಸೆ ಮಾತು ಬಿಟ್ಟರು. ಬಿಟ್ಟರು ಎಂದರೆ ಇಬ್ಬರ ಮಾತೂ ರಮ್ಯಳ ಮೇಲೆ ಹಾದು ಹೋಗತೊಡಗಿತು.

"ರಮ್ಯಾ, ನಿನ್ನ ಅಮ್ಮಂಗೆ ಹೇಳು, ಬಾಳೆಕಾಯಿ ಇನ್ನೂ ಸಣ್ಣ ಹೆಚ್ಚಬೇಕು."

"ರಮ್ಯಾ, ಅಜ್ಜಿಗೆ ಹೇಳು, ಹೆಚ್ಚಿ ಆಯ್ತು."

"ಒಂದೇ ಅಡುಗೆಮನೆಯಲ್ಲಿ ನಿಂತಿದೀರಲ್ಲ, ಇಬ್ಬರಿಗೂ ಕೇಳಿಸ್ತಲ್ಲ!" ಎಂದು ರಮ್ಯ ಕೂಗಿದರೆ, "ಹೇಳಿದಷ್ಟು ಮಾಡು," ಎಂಬ ಮಾತು ಎರಡು ಕಡೆಯಿಂದಲೂ ಒಟ್ಟಿಗೆ ಬರುತ್ತಿತ್ತು.

ಪರೀಕ್ಷೆ ಕಟ್ಟುವ ಕೊನೇ ದಿನ ನವೆಂಬರಿನ ಒಂದು ಶನಿವಾರ. ನಯನ ಅರ್ಜಿ ತುಂಬಿ, ಫೋಟೋ ಅಂಟಿಸಿ, ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದಳು. ದಿನಾ ಆಡಿದಳು. ಹದಿಮೂರಕ್ಕೆ ಎರಡು ಸಲ ಬಿದ್ದಳು, ಹದಿನಾಲ್ಕಕ್ಕೆ ಒಂದು ಸಲ. ಬಿದ್ದರೆ ಮತ್ತೆ ಒಂದನೇ ಮೆಟ್ಟಿಲಿಂದ. ಆ ಕೊನೇ ವಾರದ ಗುರುವಾರ ಮಧ್ಯಾಹ್ನ ಮೂರೂಕಾಲಿಗೆ ಹದಿನಾಲ್ಕು ದಾಟಿತು. ಹದಿನೈದನೇ ಪ್ರಶ್ನೆ ಬಂತು. ನಯನ ಒಂದೊಂದೇ ಪದ ಕೂಡಿಸಿ ಓದಿದಳು.

ಆಕ್ಟೋಪಸ್ಸಿಗೆ ಎಷ್ಟು ಹೃದಯ? ಎ, ಒಂದು. ಬಿ, ಎರಡು. ಸಿ, ಮೂರು. ಡಿ, ಎಂಟು.

ಮೂಲೆಯಲ್ಲಿ ಸೆಕೆಂಡು ಇಳಿಯುತ್ತಿತ್ತು. ಹನ್ನೊಂದಕ್ಕೆ ಬಂದಾಗ ಅವಳು ಸ್ಟಾರ್ಟ್ ಒತ್ತಿ ನಿಲ್ಲಿಸಿದಳು. ರಿಮೋಟನ್ನು ಮೊಟ್ಟೆ ಇಟ್ಟ ಹಾಗೆ ಮೆಲ್ಲಗೆ ನೆಲಕ್ಕಿಟ್ಟು ಹೊರಗೆ ಬಂದಳು.

ಸಂಜೆ ಮನೆಯೆಲ್ಲ ಟಿವಿ ಮುಂದೆ ಸೇರಿತು.

"ಆಕ್ಟೋಪಸ್ ಅಂದ್ರೆ ಎಂತದು?" ವಾಸಪ್ಪ ಕೇಳಿದ.

"ಸಮುದ್ರದ್ದು ಅಜ್ಜ. ಎಂಟು ಕೈ," ಎಂದು ರಮ್ಯ ಬೆರಳಾಡಿಸಿ ತೋರಿಸಿದಳು.

"ಎಂಟು ಕೈಯಿದ್ದು ಸಮುದ್ರದಲ್ಲಿ ಎಂತ ಮಾಡ್ತದೆ? ನನಗೆ ಕಂಬ ಹತ್ತುವಾಗ ಇರಬೇಕಿತ್ತು."

ಆಟ ನಿಲ್ಲಿಸಿಟ್ಟು ಬೇರೆಯವರನ್ನು ಕೇಳಬಹುದೋ ಬಾರದೋ ಎಂಬ ಚರ್ಚೆ ಎದ್ದಿತು. ಎಲ್ಲರೂ ಬಾಗಿಲಲ್ಲಿ ನಿಂತಿದ್ದ ರಾಧಮ್ಮನ ಕಡೆ ನೋಡಿದರು. ಮಾತು ಕೊಟ್ಟವಳು ಅವಳು.

ರಾಧಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ರಮ್ಯಾ, ನಿನ್ನ ಅಮ್ಮಂಗೆ ಹೇಳು. ಟಿವಿಯಲ್ಲೂ ಫೋನ್ ಮಾಡಿ ಕೇಳೋಕೆ ಬಿಡ್ತಾರೆ. ಕೇಳಲಿ. ಆದರೆ ಉತ್ತರದ ಗುಂಡಿ ಒಂದೇ ಸಲ."

ಆದರೆ ಆ ಪೆಟ್ಟಿಗೆಗೆ ನೆನಪು ಎಂಬುದಿಲ್ಲ. ಕರೆಂಟು ಹೋದರೆ ಎಲ್ಲ ಅಳಿಸಿ ಒಂದನೇ ಮೆಟ್ಟಿಲು. ವಾಸಪ್ಪ ಅಟ್ಟ ಹತ್ತಿ, ತನ್ನ ಕೆಲಸದ ಕಾಲದ ತಗಡಿನ ಹಲಗೆ ಹುಡುಕಿ ತಂದು ಸ್ವಿಚ್ಚಿಗೆ ನೇತುಹಾಕಿದ. ಕೆಂಪು ಅಕ್ಷರದಲ್ಲಿ ಬರೆದಿತ್ತು: ಜನ ಕೆಲಸದಲ್ಲಿದ್ದಾರೆ. ಮುಟ್ಟಬೇಡಿ.

"ಸ್ವಿಚ್ ಯಾರೂ ಮುಟ್ಟಲ್ಲ. ಆದರೆ ಶನಿವಾರದ ತನಕ ಕರೆಂಟು ಒಂದೇ ಸಮ ಇರ್ತದೆ ಅಂತ ಮಾತ್ರ ಹೇಳಲಾರೆ," ಎಂದ. "ನನ್ನ ಮೂವತ್ತು ವರ್ಷದ ಸರ್ವಿಸ್ಸಿನಲ್ಲಿ ಅಂಥದ್ದು ನೋಡಿಲ್ಲ."

ಟಿವಿ ಆರಿಸಿದರೂ ಪೆಟ್ಟಿಗೆ ಆರುವುದಿಲ್ಲ ಎಂದು ರಮ್ಯ ತೋರಿಸಿಕೊಟ್ಟಳು. ಆದರೂ ರಾಧಮ್ಮ ಆ ಎರಡು ದಿನ ತನ್ನ ಧಾರಾವಾಹಿ ಹಾಕಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, "ಕತೆ ಮುಂದೆ ಹೋಗ್ತಾ ಇಲ್ಲ, ಅದಕ್ಕೆ," ಎಂದಳು. ಅದು ನಿಜವೂ ಆಗಿತ್ತು.

ಶುಕ್ರವಾರ ಧರ್ಮೇಶ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತ ಹರಿಯುತ್ತ ಪ್ರಯಾಣಿಕರನ್ನೆಲ್ಲ ಕೇಳಿದ. ಸಂಜೆ ಟ್ರಿಪ್ ಶೀಟಿನ ಹಿಂದೆ ಬರೆದುಕೊಂಡಿದ್ದನ್ನು ಓದಿದ. "ಒಂದು ಅಂದೋರು ಇಪ್ಪತ್ತೆರಡು ಜನ. ಎಂಟು ಅಂದೋರು ಒಂಬತ್ತು. ಎರಡು ಅಂದೋರು ನಾಲ್ಕು. ಮೂರು ಅಂದವ ಒಬ್ಬ. ಅವ ಕುಡಿದಿದ್ದ."

"ಮತ್ತೆ?"

"ನೆಮ್ಮಾರಿನ ಒಂದು ಅಜ್ಜಿ, ಎಂಟು ಕೈಗೆ ರಕ್ತ ಕಳಿಸಬೇಕಾದ್ರೆ ಒಂದರಲ್ಲಿ ಎಲ್ಲಿ ಸಾಕಾಗ್ತದೆ ಮಗಾ ಅಂತು. ಉತ್ತರ ಹೇಳೋದ್ರೊಳಗೆ ಅವಳ ಸ್ಟಾಪು ಬಂತು."

ಅದೇ ಮಧ್ಯಾಹ್ನ ರಾಧಮ್ಮ ಸೋಮಶೇಖರಪ್ಪ ಮೇಷ್ಟ್ರಿಗೆ ಕೇಳದಿದ್ದರೂ ಎರಡನೇ ಸಲ ಪಲ್ಯ ಬಡಿಸಿದ್ದಳು.

"ಮೇಷ್ಟ್ರೇ, ಆಕ್ಟೋಪಸ್ಸಿಗೆ ಹೃದಯ ಎಷ್ಟು?"

"ಒಂದೇ ರಾಧಮ್ಮ. ಯಾವ ಪ್ರಾಣಿಗಾದರೂ ಒಂದೇ."

"ನೀವು ಕೊಯ್ದು ನೋಡಿದೀರಾ?"

"ಇಲ್ಲಪ್ಪ. ಚಿತ್ರದಲ್ಲಿ ನೋಡಿದ್ದು."

"ಚಿತ್ರ ನೋಡಿದೋರು ಇಷ್ಟು ಗಟ್ಟಿಯಾಗಿ ಹೇಳಬಾರದು," ಎಂದು ರಾಧಮ್ಮ ಪಲ್ಯದ ಪಾತ್ರೆ ಎತ್ತಿಕೊಂಡು ಮುಂದೆ ಹೋದಳು.

ಒಳಗಿನಿಂದ ನಯನ ಇದನ್ನೆಲ್ಲ ಕೇಳಿಸಿಕೊಂಡಳು. ಕೇಳಿಸಿಕೊಂಡದ್ದು ತೋರಿಸಿಕೊಳ್ಳಲಿಲ್ಲ. ಬರಿಯ ಊಹೆಗೆ ಗುಂಡಿ ಒತ್ತುವುದಿಲ್ಲ, ಶನಿವಾರ ಕೊಪ್ಪದ ಲೈಬ್ರರಿಯಲ್ಲಿ ದೊಡ್ಡ ಪುಸ್ತಕ ನೋಡಿ ಬರುತ್ತೇನೆ ಎಂದು ಗಂಡನಿಗೆ ಹೇಳಿದಳು. ಮಧ್ಯಾಹ್ನ ಬಂದು ಒತ್ತಿ, ಗೆದ್ದರೆ ಮೂರು ಗಂಟೆಯ ಬಸ್ಸಿಗೆ ಅರ್ಜಿ ಹಿಡಿದು ಮತ್ತೆ ಓಡುವುದು. ಐದಕ್ಕೆ ಅರ್ಜಿ ತೆಗೆದುಕೊಳ್ಳುವ ಕಚೇರಿ ಮುಚ್ಚುತ್ತದೆ.

"ಅರ್ಜಿ ಈಗಲೇ ಕೈಯಲ್ಲಿ ಇಟ್ಕೊ ಮಾರಾಯ್ತಿ," ಎಂದ ಧರ್ಮೇಶ. "ಎರಡೆರಡು ಸಲ ಯಾಕೆ ಓಡ್ತಿ? ಅಲ್ಲೇ ಕೊಟ್ಟು ಬಾ. ಅಮ್ಮಂಗೆ ಆಮೇಲೆ ನಾನು ಹೇಳ್ತೀನಿ."

"ಇಟ್ಕೊಳ್ತೀನಿ. ಕೊಡಲ್ಲ. ಅವರು ಮಾತು ಉಳಿಸಿಕೊಳ್ಳೋರು. ನಾನೂ ಉಳಿಸಿಕೊಳ್ತೀನಿ."

ಶನಿವಾರ ಬೆಳಿಗ್ಗೆ ಅವಳು ಕಾಯಿ ತುರಿದು, ಮಸಾಲೆ ರುಬ್ಬಿ, ಅಕ್ಕಿ ಆರಿಸಿಟ್ಟು, ಎಂಟೂವರೆಯ ಬಸ್ಸು ಹತ್ತಿದಳು. ರಮ್ಯ ಶಾಲೆಗೆ, ಧರ್ಮೇಶ ಡ್ಯೂಟಿಗೆ ಹೋದರು. ಮನೆಯಲ್ಲಿ ಉಳಿದವರು ರಾಧಮ್ಮ, ವಾಸಪ್ಪ ಇಬ್ಬರೇ.

ಹತ್ತು ಗಂಟೆಗೆ ಜಗಲಿಯ ಫೋನು ಬಡಿಯಿತು. ವಾಸಪ್ಪನ ಕೈಕೆಳಗೆ ಕೆಲಸ ಕಲಿತ ಲೈನ್‌ಮನ್ ಭೈರಪ್ಪ.

"ವಾಸಪ್ಪಣ್ಣ, ನಿನ್ನೆ ಕೇಳಿದ್ರಲ್ಲ. ಇವತ್ತು ಹನ್ನೊಂದಕ್ಕೆ ನಿಮ್ಮ ಸಾಲಿಂದು ಲೈನ್ ತೆಗೀತೀವಿ. ಕಂಬ ಬದಲಾಯಿಸೋದುಂಟು. ಸಂಜೆ ತನಕ ಬರಲ್ಲ."

"ಭೈರಪ್ಪಾ, ಎರಡು ಗಂಟೆಗೆ ತೆಗಿ ಮಾರಾಯ."

"ಹೆಂಗಾಗ್ತದೆ? ಹುಡುಗರು ಕಂಬದ ಬುಡದಲ್ಲಿ ನಿಂತಿದಾರೆ. ಎಂತ ಕೆಲಸ ಅಂಥದ್ದು?"

ವಾಸಪ್ಪ ಸುತ್ತ ನೋಡಿದ. "ಒಂದು ಆಕ್ಟೋಪಸ್ಸಿನ ವಿಷಯ."

ಆಚೆ ಕಡೆ ಭೈರಪ್ಪ ನಕ್ಕ. "ಮದುವೆ ಮನೆಗೆ ಹತ್ತು ನಿಮಿಷ ಕೊಡದೇ ಇದ್ದೋರು ನೀವು. ಹೋಗ್ಲಿ, ನಿಮ್ಮ ಮುಖ ನೋಡಿ ಹದಿನೈದು ನಿಮಿಷ. ಹನ್ನೊಂದೂಕಾಲು."

ರಾಧಮ್ಮ ಸಾರಿಗೆ ಒಗ್ಗರಣೆ ಹಾಕಲು ಬಾಣಲೆ ಇಟ್ಟಿದ್ದವಳು ವಿಷಯ ಕೇಳಿ ಒಲೆ ಸಣ್ಣ ಮಾಡಿದಳು. "ಅವಳು ಬರೋದು ಒಂದಕ್ಕೆ."

"ಹೌದು."

"ಲೈಬ್ರರಿಗೆ ಫೋನ್ ಇಲ್ವಾ?"

"ನಂಬರು ಯಾರಿಗೆ ಗೊತ್ತು?"

ಅವಳು ಅಡುಗೆಮನೆಗೆ ಹೋದಳು, ಬಂದಳು, ಮತ್ತೆ ಹೋದಳು. ಬಾಗಿಲಿಗೆ ಬಂದು ರಸ್ತೆ ನೋಡಿದಳು. ವಾಸಪ್ಪ ಟಿವಿ ಹಚ್ಚಿಟ್ಟು ಗೋಡೆಯ ಗಡಿಯಾರದ ಕೆಳಗೇ ಸ್ಟೂಲು ಹಾಕಿ ಕೂತ. ಹನ್ನೊಂದು ಬಡಿಯಿತು.

ಹನ್ನೊಂದೂ ಹತ್ತಕ್ಕೆ ಫೋನು. ವಾಸಪ್ಪ ಎತ್ತಿ ಬಲಗಿವಿಗೆ ಒತ್ತಿದ.

"ಮಾವಾ, ಸಿಕ್ತು! ಪುಸ್ತಕದಲ್ಲಿ ಚಿತ್ರ ಸಮೇತ ಉಂಟು. ಮೂರು! ಮೂರು ಹೃದಯ!" ನಯನ ಬೂತಿನಿಂದ ಕೂಗುತ್ತಿದ್ದಳು. "ರಮ್ಯ ಬಂದ ಕೂಡಲೇ ಹೇಳಿ."

"ಮೂರು ಅಂತೆ!" ವಾಸಪ್ಪ ಒಳಗೆ ಕೂಗಿದ. ಫೋನಿಗೆ, "ಐದು ನಿಮಿಷಕ್ಕೆ ಕರೆಂಟು ಹೋಗ್ತದೆ ಮಗಾ," ಎಂದ.

ಆಚೆ ಕಡೆಯಿಂದ ಸಣ್ಣ ದನಿಯಲ್ಲಿ, "ಅತ್ತೆ ಇದಾರಾ?"

ರಾಧಮ್ಮ ಸೆರಗಿಗೆ ಕೈಯೊರೆಸಿಕೊಂಡು ಬಂದು ಫೋನು ಕಿತ್ತುಕೊಂಡಳು. ಅತ್ತೆ ಸೊಸೆ ನೇರ ಮಾತಾಡಿ ಇಪ್ಪತ್ತು ದಿನದ ಮೇಲಾಗಿತ್ತು.

"ಎಂತ ಮಾಡಬೇಕು? ಬೇಗ ಹೇಳು."

"ಅತ್ತೆ, ರಿಮೋಟಿನ ನಡುವೆ ಎರಡು ಉದ್ದದ ಗುಂಡಿ ಉಂಟು. ಬಲಗಡೆದು ಒತ್ತಿದ್ರೆ ಆಟ ಶುರು. ಬಾಣದ ಗುರುತು ಎ ಮೇಲೆ ಇರ್ತದೆ. ಎಡ ತುದಿಯ ಪ್ಲಸ್ ಆಕಾರದ ಗುಂಡಿ ಕೆಳಕ್ಕೆ ಎರಡು ಸಲ ಒತ್ತಿ, ಸಿ ಮೇಲೆ ತನ್ನಿ. ಆಮೇಲೆ ಕೆಂಪು ಗುಂಡಿ. ಹನ್ನೊಂದೇ ಸೆಕೆಂಡು ಇರೋದು."

"ಬಲಗಡೆ, ಕೆಳಕ್ಕೆ ಎರಡು, ಕೆಂಪು."

"ಹೌದು ಅತ್ತೆ. ಸಿ ಗೊತ್ತಲ್ಲ?"

"ಸಿ ಗೊತ್ತಿಲ್ಲದೇನೇ? ಅರ್ಧ ಬಳೆಯ ಹಾಗೆ ಇರೋದು."

ಫೋನಿನ ವೈರು ಟಿವಿಯವರೆಗೆ ಬರುವುದಿಲ್ಲ. ಅವಳು ಅದನ್ನು ಗಂಡನ ಕೈಗೆ ತುರುಕಿ ಒಳಗೆ ಓಡಿದಳು. ಪ್ರಶ್ನೆ ಹಾಗೇ ನಿಂತಿತ್ತು. ಟೈ ಕಟ್ಟಿದ ಬೊಂಬೆ ಎರಡು ದಿನದಿಂದ ಒಂದೇ ಕಡೆ ನೋಡುತ್ತಿತ್ತು. ರಾಧಮ್ಮ ನೆಲಕ್ಕೆ ಕೂತು ರಿಮೋಟು ಎತ್ತಿದಳು. ಗುಂಡಿಗಳು ಮಸುಕಾಗಿ ಕಂಡವು.

"ನನ್ನ ಕನ್ನಡಕ!"

"ಎಲ್ಲಿಟ್ಟಿದೀ?"

"ಅಕ್ಕಿ ಡಬ್ಬದ ಮೇಲೆ!"

ವಾಸಪ್ಪ ಫೋನು ಬೆಂಚಿನ ಮೇಲಿಟ್ಟು ಅಡುಗೆಮನೆಗೆ ಹೋದ. ಡಬ್ಬದ ಮೇಲಿರಲಿಲ್ಲ. ಉಪ್ಪಿನ ಭರಣಿಯ ಹತ್ತಿರ ಇತ್ತು. ತಂದುಕೊಟ್ಟ. ರಾಧಮ್ಮ ಕನ್ನಡಕ ಏರಿಸಿ ಉದ್ದದ ಗುಂಡಿ ಒತ್ತಿದಳು. ಏನೂ ಆಗಲಿಲ್ಲ.

"ಅದು ಎಡಗಡೆದು ಮಾರಾಯ್ತಿ!"

ಬಲಗಡೆಯದು ಒತ್ತಿದಳು. ಸಂಗೀತ ಢಬಢಬ ಎಂದು ಶುರುವಾಯಿತು. ಹನ್ನೊಂದು, ಹತ್ತು. ಕೆಳಕ್ಕೆ ಒಂದು ಸಲ ಒತ್ತಿದಳು. ಬಾಣ ಎ ಬಿಟ್ಟು ಬಿಗೆ ಬಂತು. ಇನ್ನೊಂದು ಸಲ ಒತ್ತಲು ಹೆಬ್ಬೆರಳು ಎತ್ತಿದಳು.

ಟಿವಿ ಠಪ್ ಎಂದಿತು. ಫ್ಯಾನು ನಿಧಾನಕ್ಕೆ ತಿರುಗಿ ನಿಂತಿತು. ಪೆಟ್ಟಿಗೆಯ ಮೇಲಿನ ಸಣ್ಣ ಕೆಂಪು ದೀಪ ಆರಿತು.

ಗಡಿಯಾರದಲ್ಲಿ ಹನ್ನೊಂದೂ ಹದಿನಾಲ್ಕು. "ಒಂದು ನಿಮಿಷ ಮೊದಲೇ ತೆಗೆದ, ಕಳ್ಳ," ಎಂದ ವಾಸಪ್ಪ.

ರಾಧಮ್ಮ ರಿಮೋಟು ಹಿಡಿದೇ ಕೂತಿದ್ದಳು. ಜಗಲಿಯ ಬೆಂಚಿನಿಂದ ಸಣ್ಣ ಸದ್ದು ಬರುತ್ತಿತ್ತು. ಕರೆಂಟು ಹೋದರೂ ಫೋನಿಗೆ ಜೀವ ಇತ್ತು. "ಅತ್ತೆ? ಮಾವಾ? ಎಂತ ಆಯ್ತು? ಅತ್ತೆ?"

ವಾಸಪ್ಪ ಆ ಕಡೆ ಹೆಜ್ಜೆ ಇಟ್ಟ. ರಾಧಮ್ಮ ನೆಲಕ್ಕೆ ಕೈಯೂರಿ ಎದ್ದು, ಅವನನ್ನು ಪಕ್ಕಕ್ಕೆ ಸರಿಸಿ, ಹೋಗಿ ಫೋನು ಎತ್ತಿಕೊಂಡಳು.

"ನಯನಾ."

"ಹಾಂ ಅತ್ತೆ."

"ಬಂತು ಕಣೆ."

"ಎಂತ ಬಂತು?"

"ಸರಿ ಅಂತ ಬಂತು. ಸಿ ಒತ್ತಿದೆ. ಬೊಂಬೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆಮೇಲೆ ಕರೆಂಟು ಹೋಯ್ತು."

ಬೂತಿನಲ್ಲಿ ನಯನ ನಕ್ಕಳೋ ಅತ್ತಳೋ ತಿಳಿಯುವಂತಿರಲಿಲ್ಲ. ಎರಡರ ಸದ್ದೂ ಬಂತು.

"ಅಲ್ಲೇ ನಿಂತು ಹಲ್ಲು ಕಿಸೀಬೇಡ. ಅರ್ಜಿ ಕೈಯಲ್ಲಿ ಉಂಟಲ್ಲ? ಹೋಗಿ ಕೊಟ್ಟು ಬಾ. ಬರುವಾಗ ಕೊತ್ತಂಬರಿ ಸೊಪ್ಪು ತಾ," ಎಂದು ರಾಧಮ್ಮ ಫೋನು ಇಟ್ಟಳು.

ವಾಸಪ್ಪ ಅವಳನ್ನೇ ನೋಡುತ್ತ ನಿಂತಿದ್ದ. "ನಲವತ್ತೊಂದು ವರ್ಷ ಆಯ್ತು ನಿನ್ನ ಕಟ್ಟಿಕೊಂಡು," ಎಂದ. "ನಾನು ಬಚ್ಚಲಲ್ಲಿ ಕೂತಿದ್ದ ದಿನ ನಿನಗೆ ಇದು ಬರ್ತಿರಲಿಲ್ವಾ?"

"ನಿಮಗೆ ಕಿವಿ ಕೇಳಲ್ಲ."

"ಕಣ್ಣು ಕಾಣ್ತದಲ್ಲೇ."

"ಇವತ್ತಿನ ಮಟ್ಟಿಗೆ ಅದೂ ಕಾಣಲ್ಲ ಅಂತ ಇಟ್ಕೊಳಿ. ಬನ್ನಿ, ಮಿಕ್ಸಿ ಇಲ್ಲ ಈಗ. ಚಟ್ನಿಗೆ ಒರಳಲ್ಲಿ ರುಬ್ಬಬೇಕು. ಅಭ್ಯಾಸ ಮಾಡ್ಕೊಳಿ, ಜನವರಿಯಿಂದ ನಿಮಗೇ ಕೆಲಸ."

ವಾಸಪ್ಪ ಸ್ವಿಚ್ಚಿನ ಮೇಲಿದ್ದ ತಗಡಿನ ಹಲಗೆ ತೆಗೆದು, ಧೂಳು ಊದಿ, ಗೋಡೆಗೆ ಒರಗಿಸಿ, ಅವಳ ಹಿಂದೆ ಅಡುಗೆಮನೆಗೆ ಹೋದ.

ಜನವರಿಯಿಂದ ನಯನ ದಿನಾ ಒಂಬತ್ತರ ಬಸ್ಸಿಗೆ ಕೊಪ್ಪಕ್ಕೆ ಹೋಗಿ ಎರಡಕ್ಕೆ ಬರುತ್ತಿದ್ದಳು. ರಾಧಮ್ಮ ಬೇಯಿಸಿದಳು. ವಾಸಪ್ಪ ಕಾಯಿ ತುರಿದ, ಬೆಳ್ಳುಳ್ಳಿ ಸುಲಿದ, ಮೂರು ಲೋಟ ಒಡೆದ. ರಜೆಯ ದಿನ ಧರ್ಮೇಶ ಪಾತ್ರೆ ತೊಳೆಯುವುದನ್ನು ನೋಡಿ ಅವನ ಡ್ರೈವರು ಒಂದು ವಾರ ಹಾಸ್ಯ ಮಾಡಿದ. ಮೊದಲ ಹದಿನೈದು ದಿನ ಅಡುಗೆ ಒಂದೂ ಹೊತ್ತಿಗೆ ಸರಿಯಾಗಿ ಆಗಲಿಲ್ಲ.

"ರಾಧಮ್ಮ, ಇವತ್ತು ಸಾರಿಗೆ ಉಪ್ಪು ಎರಡು ಸಲ ಬಿದ್ದಿದೆ," ಎಂದರು ಸೋಮಶೇಖರಪ್ಪ ಮೇಷ್ಟ್ರು.

"ಒಂದು ಹೃದಯ ಅಂದೋರಿಗೆ ಎರಡು ಸಲ ಉಪ್ಪು," ಎಂದಳು ರಾಧಮ್ಮ. ಮೇಷ್ಟ್ರು ಅಲ್ಲಿಂದ ಮುಂದೆ ಉಪ್ಪಿನ ಮಾತು ಎತ್ತಲಿಲ್ಲ. ಬದಲಿಗೆ ಇಂಗ್ಲಿಷಿನ ಹಳೇ ಪ್ರಶ್ನೆಪತ್ರಿಕೆಗಳ ಒಂದು ಕಟ್ಟು ತಂದು ಬೆಂಚಿನ ಮೇಲೆ ಇಟ್ಟು ಹೋದರು.

ಸಂಜೆ ನಯನ ಓದಲು ಕೂತರೆ ವಾಸಪ್ಪ ಆ ತಗಡಿನ ಹಲಗೆ ಅವಳ ಕೋಣೆಯ ಬಾಗಿಲಿಗೆ ನೇತುಹಾಕುತ್ತಿದ್ದ. ಜನ ಕೆಲಸದಲ್ಲಿದ್ದಾರೆ. ಮುಟ್ಟಬೇಡಿ. ರಮ್ಯಳಿಗೂ ಬಿಡುವಾಯಿತು. ಅತ್ತೆ ಸೊಸೆ ಈಗ ನೇರವಾಗಿಯೇ ಜಗಳ ಆಡುತ್ತಿದ್ದರು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಇಂಗ್ಲಿಷಿಗೆ ನಲವತ್ತೇಳು. ರಾಧಮ್ಮ ಹನ್ನೆರಡು ಜನಕ್ಕೂ ಪಾಯಸ ಬಡಿಸಿದಳು. ಅಂಗನವಾಡಿಯ ಅರ್ಜಿಯನ್ನು ನಯನ ಮರುದಿನವೇ ಕೊಟ್ಟು ಬಂದಳು.

ಆ ಸಂಜೆ ರಮ್ಯ ಹಳೇ ಪೆಟ್ಟಿಗೆ ತೆಗೆದು ಟಿವಿಗೆ ಸಿಕ್ಕಿಸಿದಳು. ಅಮ್ಮನನ್ನು ಎಳೆದು ಕೂರಿಸಿಕೊಂಡಳು. ಧರ್ಮೇಶ, ವಾಸಪ್ಪ ಹಿಂದೆ ಕೂತರು. ರಾಧಮ್ಮ ಬಾಗಿಲ ಹತ್ತಿರ ಅಲಸಂದೆಕಾಯಿ ಸುಲಿಯುತ್ತಿದ್ದಳು. ನಯನ ಈಗ ನಿಘಂಟು ನೋಡದೆ ಪ್ರಶ್ನೆ ಓದುತ್ತಿದ್ದಳು. ಹತ್ತು ದಾಟಿತು, ಹದಿಮೂರು ದಾಟಿತು. ಹದಿನೈದಕ್ಕೆ ಬಂದರೆ ಅದೇ ಆಕ್ಟೋಪಸ್ಸು.

"ಸಿ! ಅಮ್ಮಾ, ಸಿ!"

ನಯನ ಕೆಂಪು ಗುಂಡಿ ಒತ್ತಿದಳು. ಸಂಗೀತ ನಿಂತಿತು. ಟೈ ಕಟ್ಟಿದ ಬೊಂಬೆ ಮಾಯವಾಯಿತು. ಪರದೆ ಪೂರ್ತಿ ಕಪ್ಪಾಗಿ, ಅದರ ಮೇಲೆ ಬಿಳೀ ಅಕ್ಷರದಲ್ಲಿ ಒಂದು ಸಾಲು ಮೂಡಿತು. ನೀವು ಗೆದ್ದಿರಿ. ಅಷ್ಟೇ. ಒಂದು ನಿಮಿಷ ಕಾದರೂ ಬೇರೇನೂ ಬರಲಿಲ್ಲ.

"ಬೊಂಬೆ ಎಲ್ಲಿ?" ರಮ್ಯ ತಿರುಗಿದಳು. "ಅಜ್ಜೀ, ಎದ್ದು ನಿಂತು ಚಪ್ಪಾಳೆ ತಟ್ತದೆ ಅಂದಿದ್ರಲ್ಲ?"

ವಾಸಪ್ಪನಿಗೆ ಕೆಮ್ಮು ಬಂತು. ರಾಧಮ್ಮನ ಕೈಯಲ್ಲಿದ್ದ ಅಲಸಂದೆಕಾಯಿ ಅರ್ಧಕ್ಕೆ ನಿಂತಿತು. ಸೊಸೆಯ ಬೆನ್ನು ಮಾತ್ರ ಅವಳಿಗೆ ಕಾಣುತ್ತಿತ್ತು.

ನಯನ ಆ ಬಿಳೀ ಸಾಲನ್ನು ಇನ್ನೊಂದು ಸಲ ಓದಿದಳು. ಆಮೇಲೆ ರಿಮೋಟನ್ನು ಮೆಲ್ಲಗೆ ನೆಲಕ್ಕಿಟ್ಟಳು.

"ತಟ್ತದೆ ಕಣೆ," ಎಂದಳು. "ಹಗಲು ಆಡಿದ್ರೆ ಮಾತ್ರ. ಸಂಜೆ ತಟ್ಟಲ್ಲ."

"ಹಾಗೆಲ್ಲ ಇರ್ತದಾ?"

"ಇರ್ತದೆ. ಅಜ್ಜಿ ಸುಳ್ಳು ಹೇಳ್ತಾರಾ?"

ಅವಳು ಎದ್ದು ಬಾಗಿಲಿಗೆ ಬಂದು, ಅತ್ತೆಯ ಎದುರು ನೆಲಕ್ಕೆ ಕೂತು, ಮೊರದಿಂದ ಒಂದು ಹಿಡಿ ಅಲಸಂದೆಕಾಯಿ ತನ್ನ ಮಡಿಲಿಗೆ ಎಳೆದುಕೊಂಡಳು. ಇಬ್ಬರೂ ತಲೆ ತಗ್ಗಿಸಿ ಸುಲಿದರು.

"ಹುಳ ಇದ್ದದ್ದು ಬೇರೆ ಹಾಕು," ಎಂದಳು ರಾಧಮ್ಮ.

"ಹಾಕ್ತಿದೀನಿ ಅತ್ತೆ."